ಏಡಿ ಬಾವುಟದ ದೇಶಕ್ಕೆ ಮೈಸೂರು ಪೇಟ

ಒಂದು ದೇಶದ ಅತ್ಯುನ್ನತ ಪ್ರಶಸ್ತಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸಟನ್ ಕೋಲ್ಡ್‌ಫೀಲ್ಡಿನ ಒಂದು ಹಳೇ ಕಾರಿನ ಡಿಕ್ಕಿಯಲ್ಲಿ ಹುಟ್ಟಿತು ಅಂದ್ರೆ ನೀವು ನಂಬಲ್ಲ. ನಂಬಬೇಡಿ. ನಾನೂ ನಂಬ್ತಿರ್ಲಿಲ್ಲ. ಆದ್ರೆ ಅವತ್ತು ಆ ಡಿಕ್ಕಿ ಬಾಗಿಲು ಎತ್ತಿ ಹಿಡ್ಕೊಂಡಿದ್ದವನು ನಾನೇ ಆದ್ದರಿಂದ ನನಗೆ ಬೇರೆ ದಾರಿ ಇರಲಿಲ್ಲ.

ದೇಶದ ಹೆಸರು ಹೇಳಲ್ಲ. ಕೆರಿಬಿಯನ್ ಸಮುದ್ರದಲ್ಲಿದೆ. ಮ್ಯಾಪಲ್ಲಿ ನೋಡಿದ್ರೆ ಯಾರೋ ಪೆನ್ನು ಝಾಡಿಸಿದಾಗ ಬಿದ್ದ ಚುಕ್ಕಿ ಥರ ಕಾಣುತ್ತೆ. ಬಾವುಟದಲ್ಲಿ ಒಂದು ಏಡಿ ಇದೆ. ಇಷ್ಟು ಸಾಕು. ಹೆಸರು ಹೇಳಿದ್ರೆ ಅವರ ಹೈಕಮಿಷನ್‌ನೋರು ನನ್ನ ಮೇಲೆ ಕೇಸ್ ಹಾಕ್ತಾರೆ. ಹಾಕದೇ ಇದ್ರೆ ಇನ್ನೂ ಕಷ್ಟ, ಸನ್ಮಾನ ಮಾಡಿಬಿಡ್ತಾರೆ.

ಮೊದಲು ನಮ್ಮ ಶ್ರೀರಂಗನ ವಿಷಯ. ನಾನೂ ಅವನೂ ಬೀಸ್ಟನ್‌ನಲ್ಲಿ ಒಂದೇ ಆಫೀಸು. ಅವನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದಿದ್ದರಲ್ಲಿ ತಪ್ಪು ಹುಡುಕೋದು ಅವನ ಕೆಲಸ, ಅವನು ಮಾಡಿದ್ದರಲ್ಲಿ ತಪ್ಪು ಹುಡುಕೋದು ಅವನ ಹೆಂಡತಿ ನಿರುಪಮಾ ಕೆಲಸ. ಆಕೆ ಜಿಪಿ, ಅಂದ್ರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್. ಒಬ್ಬೊಬ್ಬ ಪೇಷಂಟಿಗೆ ಹತ್ತು ನಿಮಿಷ ಅಂತ ಅಭ್ಯಾಸ ಆಗಿರೋದ್ರಿಂದ ಗಂಡನ ಜೊತೆ ಜಗಳಾನೂ ಹತ್ತೇ ನಿಮಿಷಕ್ಕೆ ಮುಗಿಸಿ 'ನೆಕ್ಸ್ಟ್' ಅಂತಾರೆ.

ಶ್ರೀರಂಗನಿಗೆ ಜೀವನದಲ್ಲಿ ಒಂದೇ ಒಂದು ಕೊರಗು. ಅವನಿಗೆ ಸನ್ಮಾನ ಆಗಿರಲಿಲ್ಲ.

ಇದನ್ನ ಹಗುರವಾಗಿ ತಗೋಬೇಡಿ. ನಮ್ಮ ಕನ್ನಡ ಕೂಟದಲ್ಲಿ ಸನ್ಮಾನ ತಪ್ಪಿಸಿಕೊಳ್ಳೋದು ಫ್ಲೂ ತಪ್ಪಿಸಿಕೊಂಡಷ್ಟೇ ಕಷ್ಟ. ಮೊಣಕಾಲು ಆಪರೇಷನ್ ಮಾಡಿದವರಿಗೆ ಸನ್ಮಾನ, ಮಾಡಿಸಿಕೊಂಡವರಿಗೂ ಸನ್ಮಾನ. ಸ್ಟಾಕ್‌ಪೋರ್ಟ್‌ನಿಂದ ಒಂದು ಫ್ಯಾಮಿಲಿ ಟ್ರಾಫಿಕ್ಕಿಗೆ ಸಿಕ್ಕು ಪ್ರೋಗ್ರಾಮು ಮುಗಿದ ಮೇಲೆ ಬಂದ್ರು. ಅಷ್ಟು ದೂರದಿಂದ ಬಂದ್ರಲ್ಲ ಅಂತ ಅವರಿಗೂ ಸನ್ಮಾನ. ಒಬ್ಬರಿಗೆ ಮನೆ ಕಂದಾಯ ಇಳಿಸಿಕೊಂಡಿದ್ದಕ್ಕೆ ಮಾಡಿದ್ರು. ಹದಿನಾಲ್ಕು ವರ್ಷದಲ್ಲಿ ಶ್ರೀರಂಗ ಒಬ್ಬ ಉಳಿದುಕೊಂಡಿದ್ದ. ಯಾಕಂದ್ರೆ ಅವನು ತಟ್ಟೆ ಹಿಡಿಯೋನು. ಗಣ್ಯರು ಶಾಲು ಹೊದಿಸುವಾಗ ಹಿಂದೆ ಒಬ್ಬ ಬೆಳ್ಳಿ ಲೇಪದ ತಟ್ಟೆ ಹಿಡ್ಕೊಂಡು ನಿಂತಿರ್ತಾನೆ ನೋಡಿ, ಫೋಟೋದಲ್ಲಿ ಅವನ ಒಂದು ಮೊಣಕೈ ಮಾತ್ರ ಬರುತ್ತೆ. ಆ ಮೊಣಕೈ ನಮ್ಮ ಶ್ರೀರಂಗ.

ಸನ್ಮಾನದ ಸಾಮಾನೆಲ್ಲ ಅವನ ಕಾರಿನ ಡಿಕ್ಕಿಯಲ್ಲೇ ವಾಸ. ತಟ್ಟೆ, ಆರು ಶಾಲು, ಗಂಧದ ಹಾರ, ತೆಂಗಿನಕಾಯಿ, ಹಣ್ಣಿನ ಬುಟ್ಟಿ. ಮೈಸೂರು ಪೇಟ ಮಾತ್ರ ಒಂದೇ. ಶಾಲು ಸನ್ಮಾನಿತರಿಗೆ, ಪೇಟ ಕೂಟಕ್ಕೆ ವಾಪಸ್. ಫೋಟೋ ಕ್ಲಿಕ್ ಆದ ತಕ್ಷಣ ಶ್ರೀರಂಗ ಹಿಂದಿನಿಂದ ಕೈ ಹಾಕಿ ಪೇಟ ಎತ್ತಿ ಪಕ್ಕದ ತಲೆ ಮೇಲೆ ಇಡ್ತಿದ್ದ. ಎಷ್ಟು ನಾಜೂಕು ಅಂದ್ರೆ, ಎಷ್ಟೋ ಜನ ಊಟ ಮುಗಿಸಿ ಕೈ ತೊಳೆದ ಮೇಲೂ ತಲೆ ಮೇಲೆ ಪೇಟ ಇದೆ ಅಂತಲೇ ಅಂದ್ಕೊಂಡಿರ್ತಿದ್ರು.

2013ರ ಬೇಸಿಗೆ. ಕಮಿಟಿ ಮೀಟಿಂಗಲ್ಲಿ ಕೂಟದ ಅಧ್ಯಕ್ಷರು, ಮೂಳೆ ಡಾಕ್ಟರ್ ಬಸಪ್ಪನವರು, "ಈ ಸಲ ರಾಜ್ಯೋತ್ಸವಕ್ಕೆ ಏನಾದ್ರೂ ಹೊಸದು ಬೇಕ್ರಪ್ಪ. ಪ್ರತಿ ವರ್ಷ ನನ್ನ ಕರಾವೋಕೆ ಕೇಳಿ ಕೇಳಿ ಜನಕ್ಕೆ ಸಾಕಾಗಿದೆ" ಅಂದ್ರು. ಯಾರೂ ಅಲ್ಲಗಳೀಲಿಲ್ಲ.

ಆಗ ಮೂಲೆಯಲ್ಲಿ ಶಾಲು ಮಡಚ್ತಾ ಕೂತಿದ್ದ ಶ್ರೀರಂಗ ಬಾಯಿ ತೆಗೆದ. "ಕೊಪ್ಪಳದ ಕಡೆಯಿಂದ ತೊಗಲುಗೊಂಬೆ ಮೇಳ ಕರೆಸ್ತೀನಿ ಸರ್. ನನಗೆ ಎಕ್ಸ್‌ಪೋರ್ಟ್ ಎಲ್ಲ ಗೊತ್ತು."

ಅವನಿಗೆ ಗೊತ್ತಿದ್ದ ಎಕ್ಸ್‌ಪೋರ್ಟ್ ಅಂದ್ರೆ ಕಂಪ್ಯೂಟರಲ್ಲಿ ಫೈಲನ್ನ ಪಿಡಿಎಫ್ ಮಾಡೋದು. ಆದ್ರೆ ಸಭೆ ತಟ್ಟಿದ ಚಪ್ಪಾಳೆಗೆ ಅವನ ಕಿವಿ ಕೆಂಪಾಯ್ತು.

"ಮೇಳ ಬಂದ್ರೆ ರಾಜ್ಯೋತ್ಸವದ ದಿನ ನಿನಗೇ ಸನ್ಮಾನ, ಶ್ರೀರಂಗ" ಅಂದ್ರು ಬಸಪ್ಪನವರು. "ಬರದೇ ಇದ್ರೆ?"

"ಬರದೇ ಇದ್ರೆ ಸಾಯೋವರೆಗೂ ತಟ್ಟೆ ಹಿಡೀತೀನಿ ಸರ್."

"ಅದು ಹೆಂಗಿದ್ರೂ ಹಿಡೀತೀಯ ಬಿಡಪ್ಪ."

ಕೊಪ್ಪಳದ ಕಡೆ ಹಳ್ಳಿಯೊಂದರಲ್ಲಿ ಸಿದ್ದರಾಮಪ್ಪ ಅಂತ. ಅರವತ್ತೊಂದು ವರ್ಷ. ಮನೇಲಿ ಇಪ್ಪತ್ತಾರು ತೊಗಲುಗೊಂಬೆ, ಹೊರಗೆ ನಲವತ್ಮೂರು ಆಡು. ಶ್ರೀರಂಗ ಫೋನ್ ಮಾಡಿದಾಗ ಮುದುಕ ಪೆಟ್ಟಿಗೆ ತೆಗೆದು ಗೊಂಬೆಗಳಿಗೆಲ್ಲ ಎಣ್ಣೆ ಹಚ್ಚಿ, ಬಿಸಿಲಿಗೆ ಹಿಡಿದು, ಊರಿಗೆಲ್ಲ ಸುದ್ದಿ ಹೇಳಿ, ಪಾಸ್‌ಪೋರ್ಟ್ ಮಾಡಿಸಿ, ಹೆಂಡತಿ ನೀಲಾಂಬಿಕಾ, ಮದ್ದಲೆಯವನು, ತಾಳದವನು ಅಂತ ನಾಲ್ಕು ಜನರ ವೀಸಾಕ್ಕೆ ಅರ್ಜಿ ಹಾಕಿದ್ರು. ಸೆಪ್ಟೆಂಬರಲ್ಲಿ ನಾಲ್ಕೂ ರಿಜೆಕ್ಟ್ ಆಗಿ ಬಂತು. ಕಾರಣ: ಇವರು ವಾಪಸ್ ತಮ್ಮ ದೇಶಕ್ಕೆ ಹೋಗ್ತಾರೆ ಅಂತ ನಮಗೆ ಖಾತ್ರಿ ಇಲ್ಲ.

ಆ ಸುದ್ದಿ ಹೇಳೋಕೆ ಸಿದ್ದರಾಮಪ್ಪ ಫೋನ್ ಮಾಡಿದಾಗ ನಾನು ಶ್ರೀರಂಗನ ಅಡುಗೆಮನೇಲಿ ಟೀ ಕುಡೀತಿದ್ದೆ. ಅವನು ಸ್ಪೀಕರ್‌ಗೆ ಹಾಕಿದ.

"ಏನ್ರೀ ರಂಗಪ್ಪಾರ, ನಾ ಹೊಳ್ಳಿ ಬರಂಗಿಲ್ಲಂತ ಬರ್ದಾರಲ್ರೀ ಇವ್ರು! ನಾ ಎದಕ್ಕ ಅಲ್ಲಿ ಕುಂದರ್ಲಿ? ಇಲ್ಲಿ ನಮ್ಮ ಚಂದ್ರಿ ದೀಪಾವಳಿ ಹೊತ್ತಿಗೆ ಈಯಾಕಿ ಅದಾಳ!"

"ಚಂದ್ರಿ ಯಾರು ಸಿದ್ದರಾಮಪ್ಪನವರೇ? ಮಗಳಾ?"

"ಆಡ್ರೀ! ಆಡು! ಚಂದ್ರಿನ್ನ ಬಿಟ್ಟು ನಾ ಒಂದು ವಾರದ ಮ್ಯಾಲ ಎಲ್ಲೂ ಇದ್ದಾಂವಲ್ಲ. ಈ ಮಾತು ಅವ್ರಿಗೆ ಯಾರರ ಹೇಳ್ರೀ." ಆಮೇಲೆ ದನಿ ಸ್ವಲ್ಪ ಇಳೀತು. "ಗೊಂಬಿ ಎಲ್ಲಾ ಪೆಟಿಗ್ಯಾಗಿಂದ ಹೊರಗ ತಗದೀನ್ರೀ. ಹದಿನೆಂಟು ವರ್ಸ ಆತು, ಯಾರೂ ಆಟ ಹೇಳಿಲ್ಲ. ಈಗ ಮತ್ತ ಒಳಗ ಇಡು ಅಂದ್ರ ಹೆಂಗ ಇಡ್ಲಿ?"

ಶ್ರೀರಂಗ ಟೀ ಕೆಳಗಿಟ್ಟ. ಅವನ ಮುಖ ನೋಡಿ ನನಗೆ ಗೊತ್ತಾಯ್ತು. ಇನ್ಮೇಲೆ ಇದು ಬರೀ ಶಾಲಿನ ವಿಷಯ ಅಲ್ಲ.

ನಿರುಪಮಾ ಲ್ಯಾಪ್‌ಟಾಪಲ್ಲಿ ಹುಡುಕಿ ಒಂದು ಸಭೆ ಕಂಡುಹಿಡಿದರು. ಬರ್ಮಿಂಗ್‌ಹ್ಯಾಮ್‌ನಲ್ಲಿ, ಅಕ್ಟೋಬರ್ ಮೊದಲ ಶನಿವಾರ, ಸಾರ್ವಜನಿಕರಿಗೂ ಪ್ರವೇಶ. ವಿಷಯ: ಸಣ್ಣ ಅಭಿವೃದ್ಧಿಶೀಲ ದೇಶಗಳ ಕಲಾ ಉದ್ಯಮಗಳಿಗೆ ರಫ್ತು ಮಾರುಕಟ್ಟೆ ಪ್ರವೇಶ. ಅಂದ್ರೆ, ಸಣ್ಣ ದೇಶದೋರು ಹಾಡು, ಕುಣಿತ, ಗೊಂಬೆ ಹೊತ್ಕೊಂಡು ದೊಡ್ಡ ದೇಶದ ಬಾಗಿಲು ತಟ್ಟಿದ್ರೆ ತೆಗೀತಾರಾ ಇಲ್ಲವಾ ಅಂತ ಚರ್ಚೆ.

"ಹೋಗಿ, ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ, ಕೊನೇಲಿ ಪ್ರಶ್ನೆ ಕೇಳಿ" ಅಂದ್ರು ನಿರುಪಮಾ. "ಬೇರೆ ಏನೂ ಮಾಡ್ಬೇಡಿ."

ಮನೆ ಬಿಡುವಾಗ ಈ ಕೊನೇ ಮಾತನ್ನ ಮೂರು ಸಲ ಹೇಳಿದ್ರು. ನಾನೇ ಸಾಕ್ಷಿ.

ಅವತ್ತು ಸಂಜೆ ಬರ್ಮಿಂಗ್‌ಹ್ಯಾಮ್‌ನಲ್ಲೇ ಒಬ್ಬರ ಮನೇಲಿ ರಿಟೈರ್‌ಮೆಂಟ್ ಸನ್ಮಾನ ಇತ್ತು. ಆದ್ದರಿಂದ ಡಿಕ್ಕಿ ಫುಲ್. ನಾವು ಕಾರು ನಿಲ್ಲಿಸಿದ್ದು ಒಂದು ಬಹುಮಹಡಿ ಪಾರ್ಕಿಂಗಲ್ಲಿ. ಅಲ್ಲೊಂದು ಬೋರ್ಡು: ಬೆಲೆಬಾಳುವ ವಸ್ತುಗಳನ್ನು ಕಾರಿನಲ್ಲಿ ಬಿಡಬೇಡಿ.

ಶ್ರೀರಂಗ ಆ ಬೋರ್ಡನ್ನ ಎರಡು ಸಲ ಓದಿದ. ನನ್ನ ಕೈಲಿ ಡಿಕ್ಕಿ ತೆಗೆಸಿದ.

"ರಂಗ, ಬೇಡ ಕಣೋ. ತೆಂಗಿನಕಾಯಿ ಯಾರು ಕದೀತಾರೆ?" ಅಂದೆ ನಾನು.

"ಕೂಟದ ಆಸ್ತಿ ಕಣೋ, ಪ್ರಶಾಂತ. ಪೇಟ ಹೋದ್ರೆ ಬಸಪ್ಪನವರು ನನ್ನ ಮೂಳೆ ಮುರೀತಾರೆ. ಅವರಿಗೆ ಯಾವ ಮೂಳೆ ಎಲ್ಲಿದೆ ಅಂತ ಗೊತ್ತು."

ಪೇಟಾನ ಕೈಚೀಲದಲ್ಲಿ ಹಾಕಿದ್ರೆ ಮುದುರುತ್ತೆ. ಪೇಟ ಇಡೋಕೆ ದೇವರು ಮಾಡಿರೋ ಜಾಗ ಒಂದೇ. ಶ್ರೀರಂಗ ಅದನ್ನ ತಲೆಗೆ ಹಾಕ್ಕೊಂಡ. ಚಳಿ ಇತ್ತು ಅಂತ ಆರೂ ಶಾಲು ಹೆಗಲ ಮೇಲೆ. ಕೈಯಲ್ಲಿ ತಟ್ಟೆ, ತಟ್ಟೆ ಮೇಲೆ ಹಾರ, ಕಾಯಿ. ನಾನು ಹಿಂದೆ ಹಣ್ಣಿನ ಬುಟ್ಟಿ ಹೊತ್ಕೊಂಡು. ಶ್ರೀರಂಗ ತನ್ನ ಕನ್ನಡಕ ಮಾತ್ರ ಕಾರಲ್ಲೇ ಬಿಟ್ಟಿದ್ದ. ಅದು ಬೆಲೆಬಾಳುವ ವಸ್ತು ಅಂತ ಅವನಿಗೆ ಅನ್ನಿಸಲಿಲ್ಲ. ನ್ಯೂ ಸ್ಟ್ರೀಟಲ್ಲಿ ಜನ ದಾರಿ ಬಿಟ್ರು. ಒಬ್ಬಳು ಅಜ್ಜಿ ಮಂಡಿ ಬಗ್ಗಿಸಿ ನಮಸ್ಕಾರಾನೂ ಮಾಡಿದಳು.

ಈಗ ಇಂಗ್ಲಿಷರ ಒಂದು ಗುಣ ಹೇಳ್ಬೇಕು. ಅವರು ಯಾರನ್ನೂ 'ನೀನ್ಯಾರು' ಅಂತ ಕೇಳಲ್ಲ. ಅದು ಅಸಭ್ಯ. ಅದರಲ್ಲೂ ಜರತಾರಿ ಪೇಟ ಇಟ್ಕೊಂಡು, ಶಾಲು ಹೊದ್ದು, ಹಿಂದೆ ಆಳನ್ನ ಕರ್ಕೊಂಡು ಬಂದವನನ್ನ ಕೇಳೋದು ಮಹಾ ಅಸಭ್ಯ. ರಿಜಿಸ್ಟ್ರೇಷನ್ ಟೇಬಲ್ಲಲ್ಲಿ ಇದ್ದ ಹೆಂಗಸು ಶ್ರೀರಂಗನನ್ನ ನೋಡಿದಳು, ಟೇಬಲ್ ಮೇಲೆ ಉಳಿದಿದ್ದ ಒಂದೇ ಒಂದು ನಿಯೋಗಿ ಬ್ಯಾಡ್ಜ್ ನೋಡಿದಳು. ಆ ಬ್ಯಾಡ್ಜಿನ ಒಡತಿ, ಏಡಿ ಬಾವುಟದ ದೇಶದ ನಿಯೋಗಿ, ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಅಂದ್ರೆ, ಮಾರುಕಟ್ಟೆ ಪ್ರವೇಶದ ಸಭೆಗೆ ಬರೋಕೆ ಆಕೆಗೆ ವೀಸಾ ಸಿಕ್ಕಿರಲಿಲ್ಲ. ಇದನ್ನ ನಾನು ಕಟ್ಟಿ ಹೇಳ್ತಿಲ್ಲ. ಕಟ್ಟಿ ಹೇಳೋದಾದ್ರೆ ಇದಕ್ಕಿಂತ ನಂಬೋ ಹಾಗೆ ಹೇಳ್ತಿದ್ದೆ.

ಆಕೆ ಎದ್ದು ನಿಂತು ಬ್ಯಾಡ್ಜನ್ನ ಶ್ರೀರಂಗನ ಕುತ್ತಿಗೆಗೆ ಹಾಕಿದಳು. ಕೊಟ್ಟಿದ್ದನ್ನ ಬೇಡ ಅಂತ ಅವನು ಯಾವತ್ತೂ ಅಂದವನಲ್ಲ. ಅದರಲ್ಲಿ ಕೆಂಪಗೆ ಏನೋ ಚಿತ್ರ ಇತ್ತು, ಅವನಿಗೆ ಹೂವಿನ ಥರ ಕಾಣ್ತು. ನಮ್ಮನ್ನ ಕರ್ಕೊಂಡು ಹೋಗಿ ಮೊದಲನೇ ಸಾಲಲ್ಲಿ ಕೂರಿಸಿದ್ರು.

"ಸಾರ್ವಜನಿಕರಿಗೆ ಎಷ್ಟು ಮರ್ಯಾದೆ ನೋಡು ಪ್ರಶಾಂತ" ಅಂದ ಶ್ರೀರಂಗ.

ವೇದಿಕೆ ಮೇಲೆ ವ್ಯಾಪಾರ ಇಲಾಖೆಯ ದೊಡ್ಡ ಅಧಿಕಾರಿ, ವಿಟೇಕರ್ ಅಂತ. ತೆಳ್ಳಗೆ, ಬೆಳ್ಳಗೆ, ಮುಖದಲ್ಲಿ ಮೂವತ್ತು ವರ್ಷದ ಫೈಲುಗಳ ಸುಸ್ತು. ಒಂದು ಗಂಟೆ ಮಾತಾಡಿದ್ರು. ನಿಮ್ಮ ದೇಶಗಳ ಜೊತೆ ಒಪ್ಪಂದಕ್ಕೆ ಸಹಿ ಆಗಿದೆ, ಬಾಗಿಲು ತೆರೆದಿದೆ, ಕಲಾವಿದರು ಬರಬಹುದು ಅಂದ್ರು. ಸಣ್ಣ ಸಣ್ಣ ದ್ವೀಪದ ನಿಯೋಗಿಗಳೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಕಾಗದದ ಮೇಲೆ ಬಾಗಿಲು ತೆರೆದಿದೆ, ವೀಸಾ ಕೌಂಟರಲ್ಲಿ ಮುಚ್ಚಿದೆ ಅನ್ನೋದು ಎಲ್ಲರಿಗೂ ಗೊತ್ತು. ಎದ್ದು ಹೇಳೋಕೆ ಯಾರಿಗೂ ಧೈರ್ಯ ಇಲ್ಲ.

ವಿಟೇಕರ್ ಭಾಷಣ ಮುಗಿಸಿದ್ರು. ಚಪ್ಪಾಳೆ ಬಿತ್ತು.

ಇಲ್ಲೇ ಆಗಿದ್ದು ಎಡವಟ್ಟು. ಹದಿನಾಲ್ಕು ವರ್ಷದಿಂದ ಶ್ರೀರಂಗನ ಕಾಲಿಗೆ ಒಂದು ಅಭ್ಯಾಸ. ಭಾಷಣ ಮುಗೀತು, ಚಪ್ಪಾಳೆ ಬಿತ್ತು, ವೇದಿಕೆ ಮೇಲೆ ಗಣ್ಯರು ನಿಂತಿದ್ದಾರೆ, ಕೈಯಲ್ಲಿ ತಟ್ಟೆ ಇದೆ. ಕಾಲು ತಾನಾಗೇ ಹೊರಟಿತು. ನಾನು ಶಾಲಿನ ತುದಿ ಹಿಡಿದು ಎಳೆದೆ. ಶಾಲು ಕೈಗೆ ಬಂತು, ಶ್ರೀರಂಗ ಬರಲಿಲ್ಲ.

ವೇದಿಕೆ ಹತ್ತಿದ. ಅಲ್ಲಿ ಹೋದ ಮೇಲೆ ಅವನಿಗೆ ಅರಿವಾಯ್ತು, ಶಾಲು ಹೊದಿಸೋಕೆ ಬೇರೆ ಯಾರೂ ಇಲ್ಲ. ಸಭೆ ಪೂರ್ತಿ ನೋಡ್ತಿದೆ. ಹಿಂದೆ ಬರೋಕೆ ಆಗಲ್ಲ. ತಾನೇ ಒಂದು ಶಾಲು ತೆಗೆದು, ಝಾಡಿಸಿ, ವಿಟೇಕರ್ ಹೆಗಲಿಗೆ ಹೊದಿಸಿದ. ಹಾರ ಹಾಕಿದ. ತನ್ನ ತಲೆ ಮೇಲಿದ್ದ ಪೇಟ ತೆಗೆದು ಅವರ ತಲೆಗೆ ಇಟ್ಟ. ಕಾಯಿ ಕೈಗೆ ಕೊಟ್ಟ. ನನ್ನ ಕಡೆ ನೋಡಿ "ಬುಟ್ಟಿ!" ಅಂದ. ನಾನೇನು ಮಾಡ್ಲಿ? ಬುಟ್ಟಿ ಕೊಟ್ಟೆ.

ಫೋಟೋ ಕ್ಲಿಕ್ ಆಯ್ತು. ತಕ್ಷಣ ಶ್ರೀರಂಗ ಅಭ್ಯಾಸಬಲದಿಂದ ಪೇಟ ವಾಪಸ್ ತಗೊಳ್ಳೋಕೆ ಕೈ ಚಾಚಿದ. ವಿಟೇಕರ್ ಅದು ವಿಧಿಯ ಮುಂದಿನ ಭಾಗ ಅಂದ್ಕೊಂಡು ಆ ಕೈಯನ್ನ ಎರಡೂ ಕೈಲಿ ಹಿಡ್ಕೊಂಡು ತಲೆ ಬಗ್ಗಿಸಿದ್ರು. ಶ್ರೀರಂಗ ಇನ್ನೊಂದು ಕೈ ಚಾಚಿದ. ಅವರು ಅದನ್ನೂ ಹಿಡ್ಕೊಂಡ್ರು. ಹೀಗೆ ಇಬ್ಬರೂ ಕೈ ಕೈ ಹಿಡ್ಕೊಂಡು ಸ್ವಲ್ಪ ಹೊತ್ತು ತೂಗಾಡಿದ್ರು. ಸಭೆಗೆ ಸಭೆಯೇ ಎದ್ದು ನಿಂತಿತು.

ವಿಟೇಕರ್ ಕಣ್ಣಲ್ಲಿ ನೀರು. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದ ಆ ಮನುಷ್ಯನಿಗೆ ಇವತ್ತಿನವರೆಗೆ ಯಾರೂ ಒಂದು ಕರವಸ್ತ್ರ ಹೊದಿಸಿರಲಿಲ್ಲ. ಆದ್ರೂ ಅಧಿಕಾರಿ ಅಧಿಕಾರಿನೇ. ಮೆಲ್ಲಗೆ ಕೇಳಿದ್ರು, "ಉಡುಗೊರೆ ಬಂದ್ರೆ ನಾನು ರಿಜಿಸ್ಟರಲ್ಲಿ ಬರೀಬೇಕು. ಇದರ ಬೆಲೆ ಎಷ್ಟಾಗುತ್ತೆ?"

ಕೂಟದಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರ ಇದೆ. ಶ್ರೀರಂಗ ಅದನ್ನೇ ಹೇಳಿದ. "ಇದಕ್ಕೆಲ್ಲ ಬೆಲೆ ಕಟ್ಟೋಕಾಗಲ್ಲ ಸರ್."

ವಿಟೇಕರ್ ಬಿಳಿಚಿಕೊಂಡ್ರು. "ಹಾಗಾದ್ರೆ ನಿಮ್ಮ ದೇಶಕ್ಕೆ ನಮ್ಮಿಂದ ಏನು ಆಗಬೇಕು, ಹೇಳಿ."

ಶ್ರೀರಂಗ ಮೈಕ್ ಮುಂದೆ ನಿಂತ. ಅವನು ಒಂದೇ ಒಂದು ಸುಳ್ಳು ಹೇಳಲಿಲ್ಲ, ಅದೇ ಅನಾಹುತ. "ನಮ್ಮವರು ನಾಲ್ಕು ಜನ, ಇಪ್ಪತ್ತಾರು ಗೊಂಬೆ ಇಟ್ಕೊಂಡು ಕಾಯ್ತಿದ್ದಾರೆ ಸರ್. ಬಾಗಿಲು ತೆರೆದಿದೆ ಅಂದ್ರಿ. ಬಾಗಿಲ ಹತ್ರ ಬಂದ್ರೆ 'ನೀನು ವಾಪಸ್ ಹೋಗಲ್ಲ' ಅಂತಾರೆ. ಅವರಿಗೆ ನಲವತ್ಮೂರು ಆಡಿದೆ ಸರ್! ಚಂದ್ರಿ ಅಂತ ಒಂದು ಆಡು ದೀಪಾವಳಿಗೆ ಮರಿ ಹಾಕುತ್ತೆ! ನಿಮಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು, ಅವರ ಹತ್ರ ಇರೋದು ಚಂದ್ರಿ. ಮನುಷ್ಯ ಬ್ಯಾಂಕಿಗೋಸ್ಕರ ಊರಿಗೆ ವಾಪಸ್ ಹೋಗ್ತಾನಾ, ಚಂದ್ರಿಗೋಸ್ಕರ ಹೋಗ್ತಾನಾ? ನೀವೇ ಹೇಳಿ!"

ಅಷ್ಟಕ್ಕೆ ಒಂದು ದ್ವೀಪದ ದಪ್ಪನೆಯ ನಿಯೋಗಿ ಎದ್ದು "ನಮ್ಮ ಡ್ರಮ್ ಬಾರಿಸೋನಿಗೂ ಇದೇ ಆಯ್ತು!" ಅಂತ ಕೂಗಿದರು. ಇನ್ನೊಬ್ಬರು "ನಮ್ಮ ಹಾಡುಗಾರ್ತಿಗೂ!" ಅಂದ್ರು. ಮತ್ತೊಬ್ಬರು ಕುರ್ಚಿ ಮೇಲೆ ಹತ್ತಿ "ಚಂದ್ರಿ! ಚಂದ್ರಿ!" ಅಂತ ಶುರು ಮಾಡಿದ್ರು. ಎರಡು ನಿಮಿಷದಲ್ಲಿ ಹನ್ನೊಂದು ದೇಶಗಳು ಒಂದೇ ದನಿಯಲ್ಲಿ ಕೊಪ್ಪಳದ ಆಡಿನ ಹೆಸರು ಕೂಗ್ತಿದ್ವು. ಆ ಉತ್ಸಾಹದಲ್ಲಿ ಶ್ರೀರಂಗ ಉಳಿದ ಐದು ಶಾಲನ್ನೂ ಸಿಕ್ಕಿದವರಿಗೆಲ್ಲ ಹೊದಿಸಿಬಿಟ್ಟ. ಐದನೇದು ನನ್ನ ಕೈಲಿತ್ತು, ಅದನ್ನೂ ಕಿತ್ಕೊಂಡು ಹೋಗಿ ಹೊದಿಸಿದ.

ವಿಟೇಕರ್ ಪೇಟ ಸರಿಮಾಡ್ಕೊಂಡು, "ಅರ್ಜಿ ನಂಬರುಗಳನ್ನ ನನಗೇ ಕಳಿಸಿ. ಚಂದ್ರಿಯ ಫೋಟೋ ಇದ್ರೆ ಅದನ್ನೂ" ಅಂದ್ರು.

ಮನೆಗೆ ಬಂದ್ವಿ. ಶ್ರೀರಂಗನ ಮಗಳು ಮಾಳವಿಕಾ, ಹದಿಮೂರು ವರ್ಷ. ಕನ್ನಡ ಎಲ್ಲ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. ಅಪ್ಪನ ಕುತ್ತಿಗೆ ನೋಡಿದಳು.

"ಡ್ಯಾಡ್, ವೈ ಆರ್ ಯು ಎ ಕಂಟ್ರಿ?"

"ಅದು ಡಿಸೈನು ಪುಟ್ಟಿ. ಹೂವು."

"ಇಟ್ಸ್ ಎ ಕ್ರ್ಯಾಬ್. ಇಟ್ಸ್ ಎ ಫ್ಲ್ಯಾಗ್."

ನಿರುಪಮಾ ಬ್ಯಾಡ್ಜ್ ಕಿತ್ಕೊಂಡು ಓದಿದರು. ನನ್ನ ಕಡೆ ನೋಡಿದರು. ನಾನು ಹಣ್ಣಿನ ಬುಟ್ಟಿ ಹುಡುಕೋ ಹಾಗೆ ನಟಿಸಿದೆ, ಬುಟ್ಟಿ ಇರಲಿಲ್ಲ.

"ಜನ ಇನ್ನೊಬ್ಬರ ಹೆಸರಲ್ಲಿ ಕ್ರೆಡಿಟ್ ಕಾರ್ಡ್ ತಗೋತಾರೆ" ಅಂದ್ರು ನಿಧಾನಕ್ಕೆ. "ನೀವು ದೇಶಾನೇ ತಗೊಂಡು ಬಂದಿದೀರ. ಸುಮ್ನೆ ಹಿಂದೆ ಕೂತ್ಕೊಳ್ಳಿ ಅಂದಿದ್ದೆ!"

"ಮುಂದೆ ಕೂರಿಸಿದ್ರು ಕಣೇ..."

ಇದು ಹತ್ತು ನಿಮಿಷಕ್ಕೆ ಮುಗಿಯದ ಮೊದಲ ಜಗಳ. ಕೊನೆಗೆ ತೀರ್ಮಾನ ಆಯ್ತು: ಸೋಮವಾರ ಫೋನ್ ಮಾಡಿ ತಪ್ಪೊಪ್ಪಿಕೊಳ್ಳೋದು. ಆದ್ರೆ ಭಾನುವಾರವೇ ಬಸಪ್ಪನವರ ಫೋನು.

"ಶ್ರೀರಂಗ, ರಿಟೈರ್‌ಮೆಂಟ್ ಸನ್ಮಾನಕ್ಕೆ ಬರೀ ಖಾಲಿ ತಟ್ಟೆ ತಗೊಂಡು ಬಂದಿದ್ಯಂತೆ! ಪೇಟ ಎಲ್ಲಯ್ಯ?"

"ಬ್ರಿಟಿಷ್ ಸರ್ಕಾರದ ಹತ್ರ ಇದೆ ಸರ್."

"ವಜ್ರ ತಗೊಂಡ್ರು, ಸುಮ್ಮನಿದ್ವಿ. ಈಗ ಪೇಟಾನೂ ತಗೊಂಡ್ರಾ?"

ಸೋಮವಾರ ಶ್ರೀರಂಗ ವಿಟೇಕರ್‌ಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ಇದ್ದೆ. "ಸರ್, ನಾನು ಆ ದೇಶದ ಪ್ರತಿನಿಧಿ ಅಲ್ಲ. ನಾನು ಬೀಸ್ಟನ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಮನೆ, ಮಾರ್ಟ್‌ಗೇಜ್ ಇದೆ" ಅಂತ ಒಂದೇ ಉಸಿರಿಗೆ ಹೇಳಿದ.

ವಿಟೇಕರ್ ಮೆಚ್ಚಿಕೊಂಡ್ರು. ಸಣ್ಣ ದೇಶಗಳು ಖರ್ಚು ಉಳಿಸೋಕೆ ಇಲ್ಲೇ ಕೆಲಸದಲ್ಲಿರೋರನ್ನ ಪ್ರತಿನಿಧಿ ಮಾಡ್ಕೊಳ್ಳೋದು ಅವರಿಗೆ ಗೊತ್ತಿತ್ತಂತೆ. "ನಿಮ್ಮ ವಿನಯ ನನಗೆ ಅರ್ಥ ಆಗುತ್ತೆ. ನಿಮ್ಮ ಸರ್ಕಾರಕ್ಕೆ ಆಗಲೇ ಧನ್ಯವಾದ ಪತ್ರ ಬರೆದಿದ್ದೀನಿ" ಅಂದ್ರು. ಫೋನ್ ಇಟ್ರು.

ಪತ್ರ!

ಆ ಪತ್ರ ಏಡಿ ದೇಶಕ್ಕೆ ಹೋಯ್ತು. ಮುಂದಿನದು ನನಗೆ ಆಮೇಲೆ ಗೊತ್ತಾಗಿದ್ದು. 'ನಿಮ್ಮ ದೇಶದ ಅತ್ಯುನ್ನತ ಗೌರವಕ್ಕೆ ನಾನು ಚಿರಋಣಿ' ಅಂತ ಬರೆದಿದ್ದನ್ನ ನೋಡಿ ಅಲ್ಲಿನ ಪ್ರಧಾನಿ ಸಂಸ್ಕೃತಿ ಮಂತ್ರಿ ಮುಖ ನೋಡಿದ್ರಂತೆ, ಸಂಸ್ಕೃತಿ ಮಂತ್ರಿ ಮೀನುಗಾರಿಕೆ ಮಂತ್ರಿ ಮುಖ ನೋಡಿದ್ರಂತೆ. ಪ್ರತಿಯೊಬ್ಬರೂ ಇದನ್ನ ಇನ್ನೊಬ್ಬರು ಶುರು ಮಾಡಿದ್ದು ಅಂದ್ಕೊಂಡ್ರು. ಗೊತ್ತಿಲ್ಲ ಅಂತ ಒಪ್ಕೊಳ್ಳೋ ಮಂತ್ರಿ ಯಾವ ದೇಶದಲ್ಲೂ ಇಲ್ಲ. ಫೋಟೋ ನೋಡಿ, ಹೌದು ಇದೇ ನಮ್ಮ ಅತ್ಯುನ್ನತ ಗೌರವ ಅಂತ ಸರ್ವಾನುಮತದಿಂದ ಠರಾವು ಮಾಡಿದ್ರು. ಮಾಡಿದ ಮೇಲೆ ಒಂದು ಪ್ರಶ್ನೆ ಬಂತು: ಈ ಟೋಪಿ ಸಿಗೋದೆಲ್ಲಿ?

ಹತ್ತು ದಿನಕ್ಕೆ ಶ್ರೀರಂಗನ ಇಮೇಲಿಗೆ, ವಿಟೇಕರ್ ಮೂಲಕ, ಮೈಸೂರು ಪೇಟಕ್ಕೆ ಆರ್ಡರ್ ಬಂತು. ಎರಡು ಡಜನ್. ಮೈಸೂರಿನ ಪೇಟದ ಅಂಗಡಿಯವರು ವಿಳಾಸ ನೋಡಿ ಮೂರು ಸಲ ಫೋನ್ ಮಾಡಿ, "ಸಾರ್, ಇದು ನಿಜವಾಗ್ಲೂ ದೇಶಾನಾ, ಇಲ್ಲಾ ರೆಸಾರ್ಟಾ?" ಅಂತ ಕೇಳಿದ್ರು.

ಆದ್ರೆ ವೀಸಾ? ಶ್ರೀರಂಗ ಹೊಸ ಅರ್ಜಿಗೆ ನಲವತ್ಮೂರು ಆಡುಗಳದ್ದೂ ಹೆಸರು, ಬಣ್ಣ, ವಯಸ್ಸು, ಸ್ವಭಾವ ಬರೆದು ಎಕ್ಸೆಲ್ ಶೀಟ್ ಮಾಡಿದ್ದ. ಸ್ವಭಾವದ ಕಾಲಮ್ಮಲ್ಲಿ ಚಂದ್ರಿ ಮುಂದೆ 'ಮಾಲೀಕರನ್ನು ಬಿಟ್ಟಿರಲಾರಳು' ಅಂತ ಇತ್ತು. ಕೊಪ್ಪಳ ಆ ದ್ವೀಪದ್ದೇ ಒಂದು ಜಿಲ್ಲೆ ಅಂತ ವಿಟೇಕರ್ ಅಂದ್ಕೊಂಡಿದ್ರಂತೆ. ರಾಜ್ಯೋತ್ಸವದ ಕಾರ್ಯಕ್ರಮ ನವೆಂಬರ್ ಎರಡನೇ ಶನಿವಾರ. ಅದಕ್ಕೆ ಎಂಟು ದಿನ ಇರುವಾಗ ನಾಲ್ಕೂ ವೀಸಾ ಬಂತು. ಸಿದ್ದರಾಮಪ್ಪ ಫೋನಲ್ಲಿ ಒಂದೇ ಮಾತು ಹೇಳಿದ್ರು. "ಚಂದ್ರಿ ಈದ್ಲರೀ. ಎರಡು. ನಾ ಬರ್ತೀನಿ."

ರಾಜ್ಯೋತ್ಸವದ ದಿನ ಸಟನ್ ಕೋಲ್ಡ್‌ಫೀಲ್ಡಿನ ಶಾಲೆಯ ಹಾಲಲ್ಲಿ ನಿಲ್ಲೋಕೆ ಜಾಗ ಇಲ್ಲ. ಬಿಳಿ ಪರದೆ ಹಿಂದೆ ದೀಪ ಹತ್ತಿತು, ಮದ್ದಲೆಗೆ ಪೆಟ್ಟು ಬಿತ್ತು, ನೀಲಾಂಬಿಕಮ್ಮ ದನಿ ಎತ್ತಿದ್ರು. ಕೆಂಪು, ಹಸಿರು ಬಣ್ಣದ ರಾಜ ರಾಕ್ಷಸರು ಪರದೆ ಮೇಲೆ ಕುಣಿಯೋಕೆ ಶುರು ಮಾಡಿದ ಮೇಲೆ ಐಪ್ಯಾಡ್ ಹಿಡಿದಿದ್ದ ಮಕ್ಕಳೆಲ್ಲ ಅದನ್ನ ಅಪ್ಪಂದಿರ ತೊಡೆ ಮೇಲೆ ಹಾಕಿ ಮುಂದಕ್ಕೆ ಓಡಿದವು. ವಿಟೇಕರ್ ಮುಖ್ಯ ಅತಿಥಿ, ಪೇಟ ಇಟ್ಕೊಂಡೇ ಬಂದಿದ್ರು. ಬಸಪ್ಪನವರು ಇಡೀ ಆಟ ಗೊಂಬೆ ನೋಡಲಿಲ್ಲ, ಪೇಟ ನೋಡ್ತಿದ್ರು.

ಆಟ ಮುಗೀತು, ಚಪ್ಪಾಳೆ ನಿಲ್ತಾನೇ ಇಲ್ಲ. ಆಗ ಹಾಲಿನ ಬಾಗಿಲು ತೆಗೀತು. ದೊಡ್ಡ ಹ್ಯಾಟು ಹಾಕ್ಕೊಂಡು, ಎತ್ತರದ ಒಬ್ಬ ಕಪ್ಪು ಹೆಂಗಸು ಒಳಗೆ ಬಂದಳು. ಕೋಟಿನ ಮೇಲೆ ಬ್ಯಾಡ್ಜು. ಬ್ಯಾಡ್ಜಲ್ಲಿ ಏಡಿ.

ನಿರುಪಮಾ ನನ್ನ ತೋಳು ಎಷ್ಟು ಜೋರಾಗಿ ಹಿಡಿದ್ರು ಅಂದ್ರೆ ಬಿಪಿ ನೋಡ್ತಿದ್ದಾರೇನೋ ಅನ್ನಿಸ್ತು. "ಪ್ರಶಾಂತ್, ನಮ್ಮವರನ್ನ ಹಿಂದಿನ ಬಾಗಿಲಿಂದ ಕರ್ಕೊಂಡು ಹೋಗಿ."

ಎಲ್ಲಿಗೆ ಹೋಗೋದು? ಶ್ರೀರಂಗ ವೇದಿಕೆ ಮೇಲೆ, ತನ್ನ ಮಾಮೂಲಿ ಜಾಗದಲ್ಲಿ, ತಟ್ಟೆ ಹಿಡ್ಕೊಂಡು ನಿಂತಿದ್ದ. ತಟ್ಟೆ ಮೇಲೆ ಒಂದು ಕಾಯಿ ಅಷ್ಟೇ.

ಆಕೆ ನೇರ ಬಂದು ಮೈಕ್ ತಗೊಂಡಳು. ಹೆಸರು ಡೆಲ್ಫೀನ್, ಏಡಿ ದೇಶದ ಕಲಾ ರಫ್ತು ನಿಯೋಗಿ. ಅವತ್ತು ವೀಸಾ ಸಿಗದೇ ಉಳಿದಿದ್ದವಳು. ಶ್ರೀರಂಗನ ಕಡೆ ಬೆರಳು ತೋರಿಸಿದಳು.

"ಈ ಮನುಷ್ಯ ನಮ್ಮ ದೇಶದವನಲ್ಲ."

ವಿಟೇಕರ್ ಕೈ ತಾನಾಗೇ ಪೇಟದ ಮೇಲೆ ಹೋಯ್ತು. ಬಸಪ್ಪನವರು ಕುರ್ಚಿ ತುದಿಗೆ ಬಂದ್ರು, ಪೇಟ ವಾಪಸ್ ಬರೋ ಲಕ್ಷಣ ಇತ್ತಲ್ಲ.

"ನಾನು ಮೂರು ವರ್ಷದಲ್ಲಿ ನಿಮ್ಮ ಇಲಾಖೆಗೆ ನಲವತ್ತು ಪತ್ರ ಬರೆದೆ, ಮಿಸ್ಟರ್ ವಿಟೇಕರ್. ನಮ್ಮ ವಾದ್ಯದವರು ಬರಬೇಕು, ಬಾಗಿಲು ತೆಗೀರಿ ಅಂತ. ಒಂದಕ್ಕೂ ಉತ್ತರ ಇಲ್ಲ. ಈ ಮನುಷ್ಯ ಒಂದು ಶಾಲು ಹೊದಿಸಿದ. ಈ ತಿಂಗಳು ನಮ್ಮ ಒಂಬತ್ತು ವಾದ್ಯದವರಿಗೂ ವೀಸಾ ಬಂದಿದೆ. ನನಗೂ." ಕೈಚೀಲದಿಂದ ಒಂದು ಕಾಗದ ತೆಗೆದಳು. "ಇವನು ನಮ್ಮ ದೇಶದವನಲ್ಲ, ನಿನ್ನೆವರೆಗೆ. ನಮ್ಮ ಮಂತ್ರಿಮಂಡಲ ನಿನ್ನೆ ಇವನನ್ನ ಗೌರವ ಪ್ರತಿನಿಧಿ ಮಾಡಿದೆ. ನಮ್ಮ ಅತ್ಯುನ್ನತ ಗೌರವ ಇವನಿಗೆ ಕೊಡೋಕೆ ಬಂದಿದ್ದೀನಿ. ಅದು ಹೇಗೆ ಕೊಡೋದು ಅಂತ ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ."

ಆಗ ಎದ್ದ ಕೂಗಿಗೆ ಪಕ್ಕದ ಬೀದಿಯ ನಾಯಿಗಳೆಲ್ಲ ಬೊಗಳಿದವು. ವಿಟೇಕರ್ ಎದ್ದು ಬಂದು, ತಾವೇ ಪೇಟ ತೆಗೆದು ಶ್ರೀರಂಗನ ತಲೆಗೆ ಇಟ್ರು.

ಶ್ರೀರಂಗ ಕದಲಲಿಲ್ಲ. ಕೈಯಲ್ಲಿ ತಟ್ಟೆ ಇದೆ. ತಟ್ಟೆ ಹಿಡಿದವನಿಗೆ ಸನ್ಮಾನ ಮಾಡೋದು ಹೇಗೆ? ಹದಿನಾಲ್ಕು ವರ್ಷದಲ್ಲಿ ಈ ಸಮಸ್ಯೆ ಬಂದೇ ಇರಲಿಲ್ಲ.

"ತಟ್ಟೆ ಕೊಡಯ್ಯ ಇಲ್ಲಿ" ಅಂತ ಬಸಪ್ಪನವರು ಕಿತ್ಕೊಂಡ್ರು. ತಟ್ಟೆ ಹಿಡಿಯೋದು ಸುಲಭ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಕಾಯಿ ಉರುಳಿ ನೇರ ಅವರ ಹೆಬ್ಬೆರಳ ಮೇಲೆ ಬಿತ್ತು. 'ಅಯ್ಯಯ್ಯೋ' ಅಂತ ಕೂಗಿ, ಮೂಳೆ ಮುರಿದಿಲ್ಲ ಅಂತ ತಾವೇ ಡಯಾಗ್ನೋಸಿಸ್ ಮಾಡಿ, ಒಂಟಿ ಕಾಲಲ್ಲಿ ನಿಂತ್ರು.

"ಶಾಲು ಎಲ್ಲಿ?" ಅಂದಳು ಡೆಲ್ಫೀನ್.

ಶಾಲು ಎಲ್ಲಿ? ಒಂದು ವಿಟೇಕರ್ ಆಫೀಸಲ್ಲಿ, ಉಳಿದ ಐದೂ ಬೇರೆ ಬೇರೆ ಐದು ದೇಶಗಳಲ್ಲಿ. ಹೊಸದು ತರೋದೂ ಅವನ ಕೆಲಸವೇ, ತನ್ನ ಸನ್ಮಾನಕ್ಕೆ ತಾನೇ ಶಾಲು ತರೋಕೆ ಸಂಕೋಚ ಆಗಿ ತಂದಿರಲಿಲ್ಲ. ಅವನಿಗೋಸ್ಕರ ಒಂದೂ ಉಳಿದಿಲ್ಲ.

ಪರದೆ ಪಕ್ಕದಿಂದ ಸಿದ್ದರಾಮಪ್ಪ ಬಂದ್ರು. ಬರ್ಮಿಂಗ್‌ಹ್ಯಾಮ್ ಚಳಿಗೆ ಹೊದ್ದಿದ್ದ ತಮ್ಮ ಕರೀ ಕಂಬಳಿ ಬಿಚ್ಚಿ ಶ್ರೀರಂಗನ ಹೆಗಲಿಗೆ ಹೊದಿಸಿದ್ರು. ಕೊಪ್ಪಳದ ನಲವತ್ಮೂರು ಆಡು, ಎರಡು ಮರಿ, ಎಲ್ಲದರ ವಾಸನೆ ಒಟ್ಟಿಗೆ ಇಡೀ ಸಭೆಗೆ ಬಂತು.

"ಇದಕ್ಕ ಬೆಲಿ ಕಟ್ಟಾಕ ಬರಂಗಿಲ್ಲ ನೋಡ್ರಿ" ಅಂದ್ರು ಮುದುಕ. "ಚಂದ್ರಿ ಮಲಗೋದು ಇದರ ಮ್ಯಾಲನ."

ನಿರುಪಮಾ ಮೂಗು ಒರೆಸ್ಕೊಂಡ್ರು. ವಾಸನೆಗೆ ಅಂತ ಆಮೇಲೆ ಹೇಳಿದ್ರು.

"ಫೋಟೋ! ಫೋಟೋ!" ಅಂತ ಎಲ್ಲರೂ ಕೂಗಿದರು. ಅತ್ತ ಡೆಲ್ಫೀನ್, ಇತ್ತ ಸಿದ್ದರಾಮಪ್ಪ, ವಿಟೇಕರ್, ಒಂಟಿ ಕಾಲಿನ ಬಸಪ್ಪನವರು. ನಾನೇ ಕ್ಯಾಮೆರಾ ಹಿಡಿದೆ. ಕ್ಲಿಕ್.

ಆ ಫೋಟೋ ಈಗಲೂ ಅವರ ಮನೆ ಹಾಲಲ್ಲಿ, ಟಿವಿ ಮೇಲೆ ದೊಡ್ಡದಾಗಿ ನೇತಾಡ್ತಿದೆ. ನನ್ನ ಮಾತು ನಂಬದೇ ಇದ್ರೆ ಹೋಗಿ ನೋಡಿ. ಎಲ್ಲರೂ ನಗ್ತಿದ್ದಾರೆ, ಎಲ್ಲರ ಮುಖವೂ ಚೆನ್ನಾಗಿ ಬಂದಿದೆ. ಮಧ್ಯದಲ್ಲಿ ಒಂದು ಪೇಟದ ಹಿಂಭಾಗ, ಅದರ ಕೆಳಗೆ ಒಂದು ಕರೀ ಕಂಬಳಿ. ಪಾಪ, ಹದಿನಾಲ್ಕು ವರ್ಷ ಅವನು ಸನ್ಮಾನಿತರನ್ನ ನೋಡಿದ್ದೆಲ್ಲ ಹಿಂದಿನಿಂದಲೇ. ಸನ್ಮಾನ ಆಗುವಾಗ ಯಾವ ಕಡೆ ತಿರುಗಿ ನಿಲ್ಲಬೇಕು ಅಂತ ಅವನಿಗೆ ಗೊತ್ತಿರಲಿಲ್ಲ.